ಗೇರಣ್ಣನ ಹೆಬ್ಬೆರಳು

ಆಂಬುಲೆನ್ಸ್ ಕೇಂದ್ರದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಸಿಲಿಂಡರಕ್ಕ. ಪಾಳಿಗೆ ಬಂದವಳು ಹೆಗಲಿನ ಚೀಲ ಇಳಿಸುವ ಮೊದಲೇ ಗಾಡಿಯ ಹಿಂಬಾಗಿಲು ತೆಗೆದು, ಆಮ್ಲಜನಕದ ಸಿಲಿಂಡರಿನ ಮುಳ್ಳು ಎಲ್ಲಿ ನಿಂತಿದೆ ಎಂದು ಬಗ್ಗಿ ನೋಡುತ್ತಿದ್ದಳು. ಹಿಂದಿನ ಪಾಳಿಯವರು ಖಾಲಿ ಮಾಡಿ ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಅವರಿಗೆ ಮಂಗಳಾರತಿ ತಪ್ಪಿದ್ದಲ್ಲ. ಅವಳ ಗಾಡಿ ಓಡಿಸುವವನು ಗೇರಣ್ಣ. ಅವಳಿಗಿಂತ ಬಹಳ ದೊಡ್ಡವನು, ತಲೆ ಪೂರ್ತಿ ನೆರೆತಿದೆ, ಊಟದ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ಎಡಗೈ ಗೇರು ಹಾಕಿದ ಹಾಗೆ ಅಲ್ಲಾಡುತ್ತದೆ. ಅವಳನ್ನು ತಂಗಿ ಎನ್ನುತ್ತಾನೆ. ಅವಳು ಸಿಟ್ಟಿನಲ್ಲಿದ್ದಾಗ ಮಾತ್ರ ಅಮ್ಮಯ್ಯ ಎನ್ನುತ್ತಾನೆ, ಮತ್ತು ಈಚೆಗೆ ದಿನಕ್ಕೆ ಹತ್ತು ಸಲ ಅಮ್ಮಯ್ಯ ಎನ್ನಬೇಕಾಗಿ ಬಂದಿತ್ತು.

ಸಿಟ್ಟಿಗೆ ಕಾರಣ ಇತ್ತು. ಗಾಡಿಯ ಹಿಂಭಾಗದಲ್ಲಿ, ಸ್ಟ್ರೆಚರಿನ ತಲೆಯ ಕಡೆ, ಕೈ ಚಾಚಿದರೆ ಸಿಗುವ ಹಾಗೆ ಒಂದು ಕೆಂಪು ಪೆಟ್ಟಿಗೆ ಇದೆ. ಅದರಲ್ಲಿ ಇಂಜೆಕ್ಷನ್ನುಗಳು. ಪ್ರತಿ ಪಾಳಿಯಲ್ಲೂ ಅವನ್ನು ತೆಗೆದು ಎಣಿಸಿ, ಅವಧಿ ಮುಗಿದಿದೆಯೇ ನೋಡಿ, ಒರೆಸಿ ಒಳಗಿಡುವವಳು ಅವಳೇ. ಕೊಡುವ ಅಧಿಕಾರ ಮಾತ್ರ ಅವಳಿಗಿಲ್ಲ. ಅವಳದು ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು. ಆ ದರ್ಜೆಯವರು ಉಸಿರು ಕೊಡಬಹುದು, ಎದೆ ಒತ್ತಬಹುದು, ಕಟ್ಟು ಕಟ್ಟಬಹುದು. ಪೆಟ್ಟಿಗೆಗೆ ಕೈ ಹಾಕಬೇಕಾದರೆ ಲೈನಿನ ಡಾಕ್ಟರಿಗೆ ಫೋನು ಮಾಡಿ ಅಪ್ಪಣೆ ಪಡೆಯಬೇಕು. ಲೈನಿನ ಡಾಕ್ಟರು ಒಬ್ಬರೇ, ಗಾಡಿಗಳು ಹಲವು. ಫೋನಿನಲ್ಲಿ ಸಂಗೀತ ಬರುತ್ತದೆ.

ಒಂದು ಸಲ ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳಿಗೆ ಫಿಟ್ಸ್ ಬಂದು ನಿಲ್ಲಲೇ ಇಲ್ಲ. ಕೆಂಪು ಪೆಟ್ಟಿಗೆ ಪಕ್ಕದಲ್ಲೇ ಇತ್ತು, ಬೇಕಾದ ಔಷಧಿ ಅದರಲ್ಲೇ ಇತ್ತು, ಫೋನಿನಲ್ಲಿ ಸಂಗೀತ ಬರುತ್ತಲೇ ಇತ್ತು. ಆಸ್ಪತ್ರೆಯ ಬಾಗಿಲಲ್ಲಿ ಕಿರಿಯ ಡಾಕ್ಟರೊಬ್ಬ ಹುಡುಗಿಯನ್ನು ನೋಡಿ, ಇಷ್ಟು ಹೊತ್ತು ಏನು ಮಾಡ್ತಾ ಇದ್ರಿ, ನಿಮಗೇನು ಕೈ ಇರಲಿಲ್ವಾ ಎಂದ. ಕೈ ಇತ್ತು. ಆ ಎರಡೂ ಕೈಯಲ್ಲಿ ಹುಡುಗಿಯ ತಲೆ ಹಿಡಿದುಕೊಂಡು ಬಂದಿದ್ದಳು. ಮಾರನೆಯ ವಾರ ತುರ್ತು ಚಿಕಿತ್ಸೆಯ ಡಿಗ್ರಿ ಕೋರ್ಸಿನ ಪ್ರವೇಶ ಪರೀಕ್ಷೆಗೆ ಪುಸ್ತಕ ತಂದಳು. ಆ ಡಿಗ್ರಿ ಇದ್ದವರು ಯಾರ ಸಂಗೀತವನ್ನೂ ಕೇಳಬೇಕಾಗಿಲ್ಲ. ಪೆಟ್ಟಿಗೆ ಅವರ ಕೈಯಲ್ಲಿ.

ಮನೆಯಲ್ಲಿ ಅತ್ತೆ ಇದನ್ನು ಒಪ್ಪಲಿಲ್ಲ. ಅತ್ತೆ ತಾವೇ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿ ಸವೆದವರು, ಮಂಡಿ ಹೋದ ಮೇಲೆ ಮನೆ ಹಿಡಿದವರು. ಓದುವ ಹಾಗಿದ್ದರೆ ನರ್ಸಿಂಗ್ ಓದು ಎನ್ನುವುದು ಅವರ ವಾದ. ನರ್ಸಿಗೆ ತಲೆಯ ಮೇಲೆ ಸೂರು ಇರುತ್ತದೆ, ಕಾಲ ಕೆಳಗಿನ ನೆಲ ಅಲುಗಾಡುವುದಿಲ್ಲ, ಹಬೆಯಾಡುವ ಚಹಾ ಸಿಗುತ್ತದೆ, ಕರೆದ ಕೂಡಲೇ ಡಾಕ್ಟರು ಬರುತ್ತಾರೆ. "ನೀನು ಓದಿ ಓದಿ ಮತ್ತೆ ಅದೇ ಡಬ್ಬದೊಳಗೆ ಕೂರ್ತೀನಿ ಅಂತೀಯಲ್ಲ, ಅದೆಂಥ ಓದು?" ಎಂದು ಕೇಳಿದರು. ಲಿಫ್ಟ್ ರಿಪೇರಿ ಮಾಡುವ ಗಂಡ ತಾಯಿ ಮತ್ತು ಹೆಂಡತಿಯ ನಡುವೆ ತಲೆ ಹಾಕುವ ಪೈಕಿಯವನಲ್ಲ. ಆದರೂ ಅಂದು ಮಾತ್ರ, ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯೋ ಕೆಲಸ ಬೇರೆ, ಮೇಲೆ ಬಂದವರನ್ನು ಕೂರಿಸೋ ಕೆಲಸ ಬೇರೆ ಕಣಮ್ಮ ಎಂದ. ಅತ್ತೆಗೆ ಅದು ಅರ್ಥವಾಯಿತೋ ಇಲ್ಲವೋ, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು.

ಅವಳು ಪರೀಕ್ಷೆ ಬರೆದಳು. ಪಾಳಿಯ ನಡುವೆ, ಸ್ಟ್ರೆಚರಿನ ಮೇಲೆ ಕೂತು ಓದಿದ್ದು ವ್ಯರ್ಥವಾಗಲಿಲ್ಲ, ಸೀಟು ಸಿಕ್ಕಿತು. ಇನ್ನು ಬೇಕಾಗಿದ್ದದ್ದು ಒಂದೇ, ಕೇಂದ್ರದ ಸಾಹೇಬರಿಂದ ಬಿಡುಗಡೆಯ ಪತ್ರ. ಅದಿದ್ದರೆ ಓದುವಷ್ಟು ಕಾಲವೂ ಕೆಲಸ ಉಳಿಯುತ್ತದೆ, ಇಷ್ಟು ವರ್ಷದ ಸೇವೆ ಲೆಕ್ಕಕ್ಕಿರುತ್ತದೆ, ಓದಿ ಬಂದ ಕೂಡಲೇ ಮೇಲಿನ ದರ್ಜೆ. ಇಲ್ಲದಿದ್ದರೆ ರಾಜೀನಾಮೆ ಕೊಟ್ಟು, ನಿನ್ನೆ ಮೊನ್ನೆ ಶಾಲೆ ಮುಗಿಸಿದ ಮಕ್ಕಳ ಸಾಲಿನಲ್ಲಿ ಹೊಸಬಳಾಗಿ ಸೇರಬೇಕು. ಪತ್ರ ಒಪ್ಪಿಸಲು ತಿಂಗಳ ಕೊನೆಯವರೆಗೆ ಸಮಯವಿತ್ತು. ಸಾಹೇಬರು ತಡೆಯುತ್ತಾರೆ ಎಂದು ಅವಳಿಗೆ ಕನಸಿನಲ್ಲೂ ಅನಿಸಿರಲಿಲ್ಲ, ಯಾಕೆಂದರೆ ಹಿಂದಿನ ವರ್ಷ ನಿಧಾನಪ್ಪನನ್ನು ಕಳಿಸಿದ್ದರು.

ನಿಧಾನಪ್ಪನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋದವನಲ್ಲ, ರೋಗಿಯ ತಂಟೆಗೂ ಹೋಗುತ್ತಿರಲಿಲ್ಲ ಎನ್ನುವುದೇ ತಕರಾರು. ಕೈಗೆ ಗ್ಲೌಸು ಹಾಕಿಕೊಳ್ಳುವಷ್ಟರಲ್ಲಿ ಜನ ರೋಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿರುತ್ತಿದ್ದರು. ಅವನನ್ನು ಯಾವ ಡ್ರೈವರೂ ಜೊತೆಗೆ ಕರೆದುಕೊಳ್ಳುತ್ತಿರಲಿಲ್ಲ. ಅಂಥವನನ್ನು ಕೇಂದ್ರದ ಖರ್ಚಿನಲ್ಲಿ ಡಿಗ್ರಿಗೆ ಕಳಿಸಿದ್ದರು. ರಜೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಎಲ್ಲರನ್ನೂ ಮಾತಾಡಿಸಲು ಬಂದಾಗ ಅವನೇ ಬಾಯಿಬಿಟ್ಟು, ನನ್ನನ್ನ ಯಾಕೆ ಆರಿಸಿದ್ರು ಅಂತ ನನಗೂ ಗೊತ್ತಿಲ್ಲ ಅಕ್ಕ ಎಂದಿದ್ದ. ಎರಡು ವರ್ಷ ಬಿಟ್ಟು ಅವನು ಅವರೆಲ್ಲರ ಮೇಲ್ವಿಚಾರಕನಾಗಿ ಬರುವವನಿದ್ದ.

ಸಾಹೇಬರ ಕೋಣೆ ಮಹಡಿಯ ಮೇಲೆ, ಗಾಡಿ ನಿಲ್ಲುವ ಅಂಗಳಕ್ಕೆ ಬೆನ್ನು ಮಾಡಿಕೊಂಡಿತ್ತು. ಅವರು ವೈದ್ಯರಲ್ಲ, ಹಿಂದೆ ಯಾವುದೋ ಸರಕು ಸಾಗಣೆಯ ಕಂಪನಿಯಲ್ಲಿದ್ದವರು. ಮಾತು ಮೃದು, ಎದುರಿಗೆ ಬಂದವರಿಗೆ ಕುರ್ಚಿ ತೋರಿಸುವ ಸಂಭಾವಿತರು. ಅವಳು ಸೀಟು ಸಿಕ್ಕಿದ ಸುದ್ದಿ ಹೇಳಿ ಪತ್ರ ಕೇಳಿದಾಗ ಮೆಚ್ಚುಗೆಯಿಂದ ತಲೆ ಅಲ್ಲಾಡಿಸಿದರು. ಆಮೇಲೆ ಅದೇ ತಲೆಯನ್ನು ಇನ್ನೊಂದು ಕಡೆಗೆ ಅಲ್ಲಾಡಿಸಿದರು.

"ನೋಡೀಮ್ಮ, ನಿಮ್ಮಂಥವರನ್ನ ಬಿಟ್ಟುಕೊಡಕ್ಕಾಗಲ್ಲ."

ಅವಳಿಗೆ ಮೊದಲು ಅದು ಹೊಗಳಿಕೆ ಅನಿಸಿತು. ಒಂದು ಕ್ಷಣ ಎದೆ ಉಬ್ಬಿದ್ದೂ ಹೌದು. ಆ ಕ್ಷಣ ನೆನೆದರೆ ಅವಳಿಗೆ ಇವತ್ತಿಗೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ನಿಧಾನಪ್ಪನನ್ನು ಬಿಟ್ಟುಕೊಟ್ಟಿರಲ್ಲ ಎಂದು ಕೇಳಿದಳು. ಅವನು ಇಲ್ಲದಿದ್ದರೂ ಕೇಂದ್ರ ನಡೆಯುತ್ತದೆ, ನೀವು ಇಲ್ಲದಿದ್ದರೆ ನಡೆಯುವುದಿಲ್ಲ, ಕಳಿಸಬಹುದಾದವರನ್ನು ತಾನೇ ಕಳಿಸುವುದು ಎಂದು ಸಾಹೇಬರು ಬಿಡಿಸಿ ಹೇಳಿದರು. ಅದರಲ್ಲಿ ವಕ್ರವಾದದ್ದೇನೂ ಅವರಿಗೆ ಕಾಣಲಿಲ್ಲ. ಅವಳು ಬಿಡಲಿಲ್ಲ. ನನ್ನಲ್ಲಿ ಅಂಥದ್ದೇನಿದೆ ಸರ್, ಹೇಳಿ, ಅದನ್ನು ಬೇರೆ ಯಾರಿಗಾದರೂ ಕಲಿಸಿಯೇ ಹೋಗುತ್ತೇನೆ ಎಂದಳು.

ಸಾಹೇಬರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಕೇಂದ್ರದ ಎಲ್ಲ ಗಾಡಿಗಳ ಹೆಸರಿನ ಮುಂದೆ ಒಂದೊಂದು ಪಟ್ಟಿ. ಬೇರೆಯವರದ್ದು ಹಳದಿ, ಕೆಲವರದ್ದು ಕೆಂಪು. ಅವಳ ಗಾಡಿಯದ್ದು ಮಾತ್ರ ಹಸಿರು, ತಿಂಗಳ ಮೇಲೆ ತಿಂಗಳು ಹಸಿರು. ಕರೆ ಬಂದು ಒಂದೂವರೆ ನಿಮಿಷದೊಳಗೆ ಗಾಡಿ ಹೊರಡಬೇಕೆಂಬುದು ಮೇಲಿನವರ ನಿಯಮ. ಅದನ್ನು ಒಂದು ಸಲವೂ ತಪ್ಪದೆ ಪಾಲಿಸಿದ ಗಾಡಿ ಅದೊಂದೇ. ಸಾಹೇಬರು ಹಸಿರಿನ ಮೇಲೆ ಪೆನ್ನಿನ ತುದಿ ಆಡಿಸುತ್ತ, ಇದೇ ನೀವು ಎಂದರು.

ಅವಳು ಇನ್ನೂ ಏನಾದರೂ ಇದೆಯೇ ಎಂದು ಪರದೆಯ ಮೂಲೆಮೂಲೆ ನೋಡಿದಳು. ಇರಲಿಲ್ಲ. ಎಷ್ಟು ಜನ ಉಸಿರಾಡುತ್ತ ಆಸ್ಪತ್ರೆ ಸೇರಿದರು, ಎಷ್ಟು ಹೆರಿಗೆ ಗಾಡಿಯಲ್ಲೇ ಆಯಿತು, ಯಾರ ಬೆನ್ನುಮೂಳೆ ಅಲುಗಾಡದ ಹಾಗೆ ಮೂರು ಮಹಡಿ ಇಳಿಸಿದರು, ಯಾವುದೂ ಇಲ್ಲ. ಹಿಂಬಾಗಿಲು ಮುಚ್ಚಿದ ಮೇಲೆ ಅವಳು ಏನು ಮಾಡುತ್ತಾಳೆ ಎನ್ನುವುದಕ್ಕೆ ಆ ಪರದೆಯಲ್ಲಿ ಒಂದು ಚುಕ್ಕೆಯಷ್ಟೂ ಜಾಗವಿರಲಿಲ್ಲ. ಮತ್ತು ಆ ಹಸಿರು ಅವಳದ್ದೇ ಅಲ್ಲ. ಆ ಹಸಿರು ಗೇರಣ್ಣನ ಹೆಬ್ಬೆರಳಿನದ್ದು.

ಸಂಗತಿ ಹೀಗೆ. ಗಾಡಿಯ ಮುಂಭಾಗದಲ್ಲಿ ಒಂದು ಟ್ಯಾಬು ಇದೆ. ಅದರಲ್ಲಿ ಹೊರಟೆ, ತಲುಪಿದೆ, ಮುಗಿಯಿತು ಎಂಬ ಮೂರು ಗುಂಡಿ. ಚಕ್ರ ಉರುಳಿದ ಮೇಲೆ ಹೊರಟೆ ಒತ್ತಬೇಕು. ಬೇರೆ ಡ್ರೈವರುಗಳು ಹಾಗೇ ಮಾಡುತ್ತಿದ್ದರು. ಗೇರಣ್ಣ ಹಾಗಲ್ಲ. ಹಿಂದೆ ಯಾವಾಗಲೋ ಅವಳು ಬಚ್ಚಲಿಗೆ ಹೋದಾಗ ಕರೆ ಬಂದು, ಗಾಡಿ ಸ್ವಲ್ಪ ತಡವಾಗಿ ಹೊರಟು, ಅವಳಿಗೆ ಮೆಮೊ ಬಂದಿತ್ತು. ಹೆಂಗಸೊಬ್ಬಳು ಬಚ್ಚಲಿಗೆ ಹೋದದ್ದಕ್ಕೆ ವಿವರಣೆ ಬರೆದುಕೊಡಬೇಕಾಯಿತಲ್ಲ ಎಂದು ಗೇರಣ್ಣನಿಗೆ ರಕ್ತ ಕುದಿಯಿತು. ಅವತ್ತಿನಿಂದ ಅವನು ಕರೆಯ ಗಂಟೆ ಮೊಳಗಿದ ತಕ್ಷಣ, ಚಪ್ಪಲಿ ಕಾಲಿಗೆ ಸೇರುವ ಮೊದಲೇ, ಹೊರಟೆ ಒತ್ತಿಬಿಡುತ್ತಿದ್ದ. ಗಾಡಿ ನಿಜವಾಗಿ ಹೊರಡುವುದು ಮಾತ್ರ ಎಲ್ಲರ ಹಾಗೆಯೇ, ಹೊರಡುವ ಹೊತ್ತಿಗೇ. ಅವಳಿಗೂ ಅದು ಗೊತ್ತಿತ್ತು. ಅವನು ಕೆಳಗಿಳಿದು ಗಾಜು ಒರೆಸುತ್ತಿದ್ದರೆ ಎಷ್ಟೋ ಸಲ ಅವಳೇ ಕೈ ಚಾಚಿ ಒತ್ತಿದ್ದಳು. ಅದು ತನ್ನ ಕಾಲಿಗೆ ಬೇಡಿಯಾಗುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ಸಾಹೇಬರಿಗೆ ನಿಜ ಹೇಳುವ ಹಾಗಿರಲಿಲ್ಲ. ಹೇಳಿದರೆ ಗೇರಣ್ಣನ ಕೆಲಸಕ್ಕೆ ಸಂಚಕಾರ. ಅವಳು ಕೆಳಗೆ ಬಂದು ಗಾಡಿಯ ಮುಂದಿನ ಸೀಟಿನಲ್ಲಿ ಕುಕ್ಕರಿಸಿ ನಡೆದದ್ದನ್ನೆಲ್ಲ ಹೇಳಿದಳು. ಗೇರಣ್ಣ ಕೇಳುತ್ತ ಕೇಳುತ್ತ ಟ್ಯಾಬನ್ನು ನೋಡಿದ, ತನ್ನ ಹೆಬ್ಬೆರಳನ್ನು ನೋಡಿದ.

"ನಿನಗೆ ಬೈಗುಳ ತಪ್ಪಲಿ ಅಂತ ಮಾಡಿದ್ದು ಕಣಮ್ಮಯ್ಯ. ಹೀಗಾಗತ್ತೆ ಅಂತ ಯಾವನಿಗೆ ಗೊತ್ತು?"

"ಹನ್ನೊಂದು ವರ್ಷ ಅಣ್ಣ," ಎಂದಳು ಅವಳು. "ಹನ್ನೊಂದು ವರ್ಷ ನಾನು ಹಿಂದೆ ಏನು ಮಾಡಿದೆ ಅಂತ ಆ ಮನುಷ್ಯನಿಗೆ ಗೊತ್ತೇ ಇಲ್ಲ. ನಿನ್ನ ಹೆಬ್ಬೆರಳು ನೋಡಿ ನನ್ನನ್ನ ಹಿಡ್ಕೊಂಡಿದ್ದಾನೆ."

ಗೇರಣ್ಣ ಅದೇ ಹೆಬ್ಬೆರಳಿನಿಂದ ಸ್ಟಿಯರಿಂಗ್ ಸವರಿದ. ಹೆಬ್ಬೆರಳು ಕಟ್ಟಿದ್ದನ್ನು ಹೆಬ್ಬೆರಳೇ ಬಿಚ್ಚಲಿ ಎಂದ. ಇನ್ನು ಮೇಲೆ ನಿಯಮದ ಪ್ರಕಾರ, ಚಕ್ರ ಉರುಳಿದ ಮೇಲೆಯೇ ಒತ್ತುವುದು. ಗಾಡಿ ಹೊರಡುವುದರಲ್ಲಿ ಒಂದು ಚೂರೂ ತಡವಾಗುವುದಿಲ್ಲ, ಯಾವ ರೋಗಿಗೂ ತೊಂದರೆಯಿಲ್ಲ, ಸತ್ಯ ಹೇಳುವುದಷ್ಟೇ. ಹಸಿರು ಹೋದರೆ ಇವಳು ಕಳಿಸಬಹುದಾದವಳಾಗುತ್ತಾಳೆ. ಸತ್ಯ ಹೇಳಿ ಹೆಸರು ಕೆಡಿಸಿಕೊಳ್ಳುವ ಉಪಾಯ ಅವರಿಬ್ಬರಿಗೂ ಎಷ್ಟು ಹಿಡಿಸಿತೆಂದರೆ ಆ ದಿನ ಬಹಳ ಕಾಲದ ಮೇಲೆ ನಕ್ಕರು.

ಉಪಾಯ ಫಲಿಸಿತು. ಮೊದಲ ವಾರ ಹಸಿರು ಹಳದಿಯಾಯಿತು, ಎರಡನೆಯ ವಾರ ಅಲ್ಲಲ್ಲಿ ಕೆಂಪು. ಅವರಿಬ್ಬರೂ ಹಿಂದೆಂದಿಗಿಂತ ಚುರುಕಾಗಿಯೇ ಓಡುತ್ತಿದ್ದರು. ಆ ದಿನಗಳಲ್ಲೇ ನೀರಿನ ತೊಟ್ಟಿಗೆ ಬಿದ್ದ ಮಗುವೊಂದನ್ನು ಉಸಿರಾಡಿಸಿ ತಂದಿದ್ದರು. ಆಸ್ಪತ್ರೆಯ ಹಿರಿಯ ನರ್ಸು ಹೊರಗೆ ಬಂದು ಅವಳ ಬೆನ್ನು ತಟ್ಟಿದ್ದಳು. ಪರದೆಯ ಮೇಲೆ ಮಾತ್ರ ಅವರು ಕೇಂದ್ರದ ಸೋಮಾರಿಗಳ ಸಾಲಿಗೆ ಸೇರಿದ್ದರು. ಮೆಮೊ ಬಂತು, ಅದರ ಹಿಂದೆ ಸಾಹೇಬರ ಕರೆಯೂ ಬಂತು. ಅವಳು ಮಹಡಿಯ ಮೆಟ್ಟಿಲನ್ನು ಹೆಚ್ಚುಕಮ್ಮಿ ಓಡುತ್ತ ಹತ್ತಿದಳು.

ಸಾಹೇಬರು ಅದೇ ಕುರ್ಚಿ ತೋರಿಸಿದರು, ಅದೇ ಪರದೆ ತಿರುಗಿಸಿದರು. ಏನಾಗಿದೆ ನಿಮಗೆ ಎಂದು ನಿಜವಾದ ಕಳವಳದಿಂದ ಕೇಳಿದರು. ಮನಸ್ಸು ಓದಿನ ಕಡೆಗಿದೆ ಸರ್, ಈಗ ನಾನು ಇಲ್ಲಿದ್ದು ಪ್ರಯೋಜನವಿಲ್ಲ, ಪತ್ರ ಕೊಟ್ಟುಬಿಡಿ ಎಂದು ಅವಳು ಮೊದಲೇ ಕಟ್ಟಿಕೊಂಡು ಬಂದ ಮಾತನ್ನು ಒಪ್ಪಿಸಿದಳು. ಸಾಹೇಬರು ಕನ್ನಡಕ ತೆಗೆದರು. ಇಷ್ಟು ಕೆಟ್ಟ ದಾಖಲೆ ಇರುವವರನ್ನು ಓದಲು ಕಳಿಸಿದರೆ ಮೇಲಿನವರು ನನ್ನ ಕುತ್ತಿಗೆ ಹಿಡಿಯುವುದಿಲ್ಲವೇ ಎಂದರು.

ಅವಳು ಕುರ್ಚಿ ಮುಂದಕ್ಕೆ ಎಳೆದಳು. "ನಿಧಾನಪ್ಪನ ದಾಖಲೆ ಹೇಗಿತ್ತು ಸರ್?"

"ಅವನ ವಿಷಯ ಬೇರೆ. ಅವನು ಸರಿಹೋಗೋನಲ್ಲ. ನೀವು ಸರಿಹೋಗೋರು."

ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಅನ್ಯಾಯವನ್ನು ಇದಕ್ಕಿಂತ ನಯವಾಗಿ ಮಾಡಲು ಸಾಧ್ಯವೇ? ಚೆನ್ನಾಗಿದ್ದರೆ ಬಿಡುವುದಿಲ್ಲ, ಕೆಟ್ಟರೆ ಕಳಿಸುವುದಿಲ್ಲ, ಪೂರ್ತಿ ಕೆಟ್ಟುಹೋಗಲು ಯೋಗ್ಯತೆ ಸಾಲದು. ಸಾಹೇಬರಿಗೆ ಅವಳ ಮುಖ ನೋಡಿ ಕನಿಕರ ಬಂದಿರಬೇಕು. ಒಂದು ಕೆಲಸ ಮಾಡೋಣ, ನಾನೇ ಒಂದು ದಿನ ನಿಮ್ಮ ಗಾಡಿಯಲ್ಲಿ ಬರುತ್ತೇನೆ, ತೊಂದರೆ ಎಲ್ಲಿದೆ ಅಂತ ಕಣ್ಣಾರೆ ನೋಡುತ್ತೇನೆ, ಪತ್ರದ ವಿಷಯ ಆಮೇಲೆ ತೀರ್ಮಾನಿಸೋಣ ಎಂದರು. ಅವರಿಗೆ ಬಿಡುವಿದ್ದದ್ದು ತಿಂಗಳ ಕೊನೆಯ ದಿನ. ಕಾಲೇಜಿಗೆ ಪತ್ರ ಒಪ್ಪಿಸುವ ಕೊನೆಯ ದಿನವೂ ಅದೇ.

ಅಂದು ಸಂಜೆ ಅವಳು ಊಟಕ್ಕೆ ಏಳಲಿಲ್ಲ. ಗಂಡ ಎರಡು ಸಲ ಕರೆದು ತಟ್ಟೆ ಮುಚ್ಚಿಟ್ಟ. ಅತ್ತೆ ಮಂಡಿ ಹಿಡಿದುಕೊಂಡು ಬಂದು ಅವಳ ಪಕ್ಕ ಕೂತು ಎಲ್ಲ ಕೇಳಿಸಿಕೊಂಡರು. ನರ್ಸಿಂಗಿನ ಮಾತು ಎತ್ತುತ್ತಾರೆ ಎಂದುಕೊಂಡಳು. ಅತ್ತೆ ಎತ್ತಲಿಲ್ಲ. ವಾರ್ಡಿನಲ್ಲಿ ತಮಗೂ ಹಾಗೇ ಮಾಡಿದ್ದರು ಎಂದರು; ಆಯಾ ಕೆಲಸದಿಂದ ಡ್ರೆಸ್ಸಿಂಗ್ ಕೆಲಸಕ್ಕೆ ಹಾಕಿ ಎಂದು ಕೇಳಿದಾಗ, ನಿನ್ನಷ್ಟು ಚೊಕ್ಕವಾಗಿ ಬೆಡ್‌ಪ್ಯಾನ್ ತೊಳೆಯೋರು ಯಾರಿದ್ದಾರೆ ಎಂದಿದ್ದರಂತೆ. ಆ ಮಾತು ಕೇಳಿ ಖುಷಿಯಾಗಿ ಇನ್ನೂ ಚೊಕ್ಕವಾಗಿ ತೊಳೆದರಂತೆ.

"ಕೇಳೋದು ಒಂದು ಸಲ ಕೇಳು," ಎಂದರು ಅತ್ತೆ. "ಕೈ ಮುಗಿದು ನಿಲ್ಲೋದು ಸಾಕು, ಕೊಡದಿದ್ರೆ ಬಿಟ್ಟು ಬಾ. ಮನೆ ಹೇಗೋ ನಡೆಯತ್ತೆ."

ಆದರೂ ಆ ದಿನ ಬಂದಾಗ ಅವಳಿಗೆ ಆಸೆ ಇತ್ತು. ಸಾಹೇಬರು ಒಮ್ಮೆ ಕಣ್ಣಾರೆ ನೋಡಲಿ, ಸಾಕು. ನೋಡಿದ ಮೇಲೆ ಮನುಷ್ಯನಾದವನು ಪತ್ರ ಕೊಡದೆ ಇರುತ್ತಾನೆಯೇ? ಬೆಳಗಿನ ಪಾಳಿಗೆ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬಂದಳು. ಸಾಹೇಬರು ಮುಂದೆ ಗೇರಣ್ಣನ ಪಕ್ಕ ಕೂತರು. ಅವರ ಕೈಯಲ್ಲಿ ಒಂದು ಸ್ಟಾಪ್‌ವಾಚು ಇತ್ತು. ಗಾಡಿಯ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಜಾರುವ ಗಾಜಿನ ಸಣ್ಣ ಕಿಟಕಿ ಇರುತ್ತದೆ. ಅವರಿಗೆ ಕಾಣಲಿ ಎಂದು ಅದನ್ನು ಪೂರ್ತಿ ತೆರೆದಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಕರೆ ಬಂತು; ಆ ದಿನ ಎಲ್ಲರೂ ಗಾಡಿಯಲ್ಲೇ ಕಾದು ಕೂತಿದ್ದರಿಂದ ಕೂಡಲೇ ಹೊರಟರು. ಹೊಸದಾಗಿ ಕಟ್ಟುತ್ತಿದ್ದ ಮನೆಗೆ ಬಣ್ಣ ಹೊಡೆಯುತ್ತಿದ್ದವನ ಮೇಲೆ ಜೇನು ಎದ್ದಿತ್ತು. ಅವರು ತಲುಪುವಷ್ಟರಲ್ಲಿ ಅವನ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು, ತುಟಿ ನೀಲಿಗಟ್ಟುತ್ತಿತ್ತು, ಉಸಿರು ಸೀಟಿ ಹೊಡೆದ ಹಾಗೆ ಕೇಳುತ್ತಿತ್ತು. ಹೆಂಡತಿಯೂ ಅಲ್ಲೇ ಕೂಲಿಗೆ ಬಂದವಳು, ಕೈತುಂಬ ಸುಣ್ಣ ಮೆತ್ತಿಕೊಂಡೇ ಗಾಡಿ ಹತ್ತಿದಳು. ಸಿಲಿಂಡರಕ್ಕ ಆಮ್ಲಜನಕ ಹಾಕಿದಳು, ಕಾಲು ಎತ್ತರಿಸಿದಳು, ಒಂದು ಕೈಯಲ್ಲಿ ಫೋನು ಹಿಡಿದು ಲೈನಿನ ಡಾಕ್ಟರಿಗೆ ಕರೆ ಮಾಡಿದಳು. ಸಂಗೀತ. ಇಂಥ ರೋಗಿಗೆ ಬೇಕಾದ ಇಂಜೆಕ್ಷನ್ ಒಂದೇ, ಅದು ಕೆಂಪು ಪೆಟ್ಟಿಗೆಯಲ್ಲಿ ಮೊದಲನೆಯ ಸಾಲಿನಲ್ಲೇ ಇದೆ, ತೊಡೆಗೆ ಚುಚ್ಚಿದರೆ ನೋಡುನೋಡುತ್ತಿದ್ದಂತೆ ಕಟ್ಟಿದ ಉಸಿರು ಬಿಡಿಸುತ್ತದೆ. ಸಂಗೀತ ನಿಲ್ಲಲಿಲ್ಲ.

ಡಾಕ್ಟರ ನೇರ ನಂಬರು ಸಾಹೇಬರ ಫೋನಿನಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಕಿಟಕಿಯ ಕಡೆ ಬಗ್ಗಿ, ಸರ್, ಡಾಕ್ಟರಿಗೆ ನೇರ ಫೋನ್ ಮಾಡಿ, ಇಂಜೆಕ್ಷನ್‌ಗೆ ಒಪ್ಪಿಗೆ ಬೇಕು, ಇವನಿಗೆ ಉಸಿರು ಹೋಗ್ತಿದೆ ಎಂದು ಕೂಗಿದಳು. ಸಾಹೇಬರು ಫೋನಿನಲ್ಲೇ ಇದ್ದರು. ಮೇಲಿನ ಕಚೇರಿಗೆ ವರದಿ ಒಪ್ಪಿಸುತ್ತಿದ್ದರು, ಹೊರಟದ್ದು ಸರಿಯಾದ ಸಮಯಕ್ಕೆ, ನಾನೇ ಗಡಿಯಾರ ಹಿಡಿದಿದ್ದೆ ಎಂದು. ಅವಳ ಕಡೆಗೆ ತಿರುಗದೆ, ಸ್ವಲ್ಪ ತಾಳಿ ಎನ್ನುವ ಹಾಗೆ ಅಂಗೈ ಎತ್ತಿದರು. ಅವಳು ಮತ್ತೆ ಕೂಗಿದಳು, ಬಣ್ಣದವನ ಹೆಂಡತಿಯೂ ಕೂಗಿದಳು. ಗದ್ದಲದಲ್ಲಿ ಫೋನಿನ ಆ ಕಡೆಯ ಮಾತು ಕೇಳಿಸಲಿಲ್ಲವೆಂದು ತೋರುತ್ತದೆ. ಸಾಹೇಬರು ಕೈ ಹಿಂದೆ ಮಾಡಿ ಗಾಜನ್ನು ಜಾರಿಸಿ ಮುಚ್ಚಿದರು.

ಅವಳು ಆ ಗಾಜನ್ನು ನೋಡುತ್ತ ಕೂರಲಿಲ್ಲ, ಕೂರುವ ಹೊತ್ತು ಅದಾಗಿರಲಿಲ್ಲ. ಪೆಟ್ಟಿಗೆ ತೆರೆದಳು. ಔಷಧಿ ಎಳೆದು ಸಿರಿಂಜು ತುಂಬಿಸಿದಳು. ಕೆಲಸ ಹೋದರೆ ಹೋಗಲಿ ಎಂದು ಬಣ್ಣದವನ ತೊಡೆಯ ಮೇಲೆ ಕೈಯಿಟ್ಟಾಗ ಸಂಗೀತ ನಿಂತು ಡಾಕ್ಟರ ದನಿ ಬಂತು. ಅವಳು ಎರಡೇ ವಾಕ್ಯದಲ್ಲಿ ಹೇಳಿದಳು. ಕೊಡಿ ಎಂದರು ಅವರು. ಕೊಟ್ಟಳು. ಆಸ್ಪತ್ರೆಯ ತಿರುವು ಬರುವಷ್ಟರಲ್ಲಿ ಸೀಟಿಯ ಸದ್ದು ಇಳಿದು ಉಸಿರು ಉಸಿರಿನ ಹಾಗಾಯಿತು. ಹೆಂಡತಿ ಸುಣ್ಣದ ಕೈಯಿಂದಲೇ ಅವಳ ಭುಜ ಹಿಡಿದುಕೊಂಡು ಅತ್ತಳು. ಇಸ್ತ್ರಿಯ ಸಮವಸ್ತ್ರದ ಮೇಲೆ ಐದು ಬೆರಳೂ ಮೂಡಿದವು.

ರೋಗಿಯನ್ನು ಒಪ್ಪಿಸಿ ಅವಳು ಹೊರಗೆ ಬಂದಾಗ ಸಾಹೇಬರು ನೆರಳಿನಲ್ಲಿ ನಿಂತಿದ್ದರು, ಮುಖ ಅರಳಿತ್ತು. ನಿಮ್ಮ ಗಾಡಿ ಸರಿಯಾಗಿಯೇ ಇದೆ, ನೀವು ಒಂದು ಕ್ಷಣವೂ ತಡ ಮಾಡಲಿಲ್ಲ, ಗುಂಡಿ ಒತ್ತುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಅಷ್ಟೇ ಎಂದರು. ಗೇರಣ್ಣ ಬಾನೆಟ್ಟಿನ ಕಡೆ ಮುಖ ತಿರುಗಿಸಿಕೊಂಡ. ನಿಮ್ಮ ದಾಖಲೆ ನಾನೇ ಸರಿಪಡಿಸುತ್ತೇನೆ, ಮೆಮೊ ಹರಿದು ಹಾಕುತ್ತೇನೆ ಎಂದರು.

"ಮತ್ತೆ ಪತ್ರ ಸರ್?"

"ಅದನ್ನೇ ಹೇಳಿದ್ನಲ್ಲಮ್ಮ. ಇಷ್ಟು ಒಳ್ಳೆ ಗಾಡಿನ ಹೇಗೆ ಬಿಟ್ಟುಕೊಡಲಿ?"

ಅವಳು ಅವರನ್ನೇ ನೋಡಿದಳು. ಕೂಗಾಡಬೇಕು ಅನಿಸಲಿಲ್ಲ, ಅದು ಅವಳಿಗೇ ಆಶ್ಚರ್ಯ. ಇಷ್ಟು ದಿನದ ಸಿಟ್ಟು ಈಗ ತಣ್ಣಗೆ ನಿಂತು ಅವರನ್ನು ಅಳೆಯುತ್ತಿತ್ತು.

"ಆ ಮನುಷ್ಯ ಬದುಕಿದ್ನಾ ಅಂತ ನೀವು ಕೇಳಲೇ ಇಲ್ಲ."

ಸಾಹೇಬರಿಗೆ ನಿಜವಾಗಿಯೂ ಗೊಂದಲವಾಯಿತು. ಅವರ ಮುಖದಲ್ಲಿ ಕೆಟ್ಟತನ ಇರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ಅದು ಆಸ್ಪತ್ರೆಯವರ ಲೆಕ್ಕಕ್ಕೆ ಬರತ್ತಮ್ಮ, ನಮ್ಮದಕ್ಕೆ ಬರಲ್ಲ," ಎಂದರು.

ಅವಳು ಆಸ್ಪತ್ರೆಯ ಅಂಗಳದಲ್ಲೇ ಎಂದಿನಂತೆ ಗಾಡಿಯ ಹಿಂಭಾಗ ತೊಳೆದಳು, ಸಿಲಿಂಡರು ಬದಲಾಯಿಸಿದಳು, ಖರ್ಚಾದ ಇಂಜೆಕ್ಷನ್ನಿನ ಜಾಗಕ್ಕೆ ಹೊಸದು ಇಟ್ಟಳು. ಪಾಳಿ ಮುಗಿದಿತ್ತು. ಕೇಂದ್ರಕ್ಕೆ ಮರಳುವ ದಾರಿಯಲ್ಲಿ ಕಾಲೇಜಿನ ಗೇಟು ಕಂಡಾಗ ಅವಳು ಹೇಳುವ ಮೊದಲೇ ಗೇರಣ್ಣ ಗಾಡಿಯನ್ನು ಬದಿಗೆ ತಂದು, ಎಡಗಡೆಯ ಟೈರು ಯಾಕೋ ಮೆತ್ತಗಿದೆ ಸಾಹೇಬ್ರೇ ಎಂದು ಇಳಿದ. ಅವಳೂ ಇಳಿದಳು. ಎಲ್ಲಿಗೆ ಎಂದು ಸಾಹೇಬರು ಕಿಟಕಿಯಿಂದ ತಲೆ ಹಾಕಿದರು. ನಾಳೆಯಿಂದ ನಾನು ಬರುವುದಿಲ್ಲ, ರಾಜೀನಾಮೆ ಸಂಜೆಯೊಳಗೆ ತಲುಪುತ್ತದೆ ಎಂದು ಅವಳು ಹೇಳಿದಳು. ಸೇವೆಯೆಲ್ಲ ಮಣ್ಣುಪಾಲಾಗುತ್ತದೆ, ಓದಿ ಬಂದರೂ ನಿಧಾನಪ್ಪನ ಕೈಕೆಳಗೆ ಹೊಸಬಳಾಗಿ ನಿಲ್ಲಬೇಕಾಗುತ್ತದೆ ಎಂದು ಅವರು ಪಾಪ ಕಳಕಳಿಯಿಂದಲೇ ಎಚ್ಚರಿಸಿದರು. ನಿಲ್ಲುತ್ತೇನೆ ಎಂದಳು. ಗೇರಣ್ಣ ಟೈರಿನ ಪಕ್ಕ ಕೂತವನು ತಲೆ ಎತ್ತಲಿಲ್ಲ, ಹೋಗು ತಂಗಿ ಎಂದಷ್ಟೇ ಅಂದ.

ಪ್ರವೇಶದ ಕಿಟಕಿಯ ಮುಂದೆ ಉದ್ದನೆಯ ಸಾಲಿತ್ತು, ಎಲ್ಲ ಅವಳ ಅರ್ಧ ವಯಸ್ಸಿನವರು. ಸುಣ್ಣದ ಬೆರಳು ಮೂಡಿದ ಸಮವಸ್ತ್ರವನ್ನು ತಿರುತಿರುಗಿ ನೋಡಿದರು. ಅವಳ ಸರದಿ ಬಂದಾಗ ಒಳಗಿದ್ದ ಗುಮಾಸ್ತೆ ಬಿಡುಗಡೆಯ ಪತ್ರ ಕೇಳಿದಳು. ಇಲ್ಲ ಎಂದಳು. ಹಾಗಾದರೆ ಹೊಸಬರ ಪಟ್ಟಿಯಲ್ಲೇ ಸೇರಿಸಬೇಕಾಗುತ್ತದೆ, ಗೊತ್ತಲ್ಲ ಎಂದು ಗುಮಾಸ್ತೆ ಕೇಳಿದಳು. ಗೊತ್ತು ಎಂದಳು. ಗುಮಾಸ್ತೆ ಟೈಪು ಮಾಡುತ್ತ ಹೋದಳು, ವಯಸ್ಸು, ವಿಳಾಸ, ಗಂಡನ ಕೆಲಸ. ಆಮೇಲೆ ತಲೆಯೆತ್ತಿ, ಇಲ್ಲಿಯವರೆಗೆ ನೀವು ಏನು ಕೆಲಸ ಮಾಡ್ತಾ ಇದ್ರಿ, ಚಿಕ್ಕದಾಗಿ ಹೇಳಿ ಸಾಕು ಎಂದಳು.

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ.

"ಚಿಕ್ಕದಾಗಿ ಹೇಳಕ್ಕಾಗಲ್ಲ," ಎಂದಳು. "ಹೇಳ್ತೀನಿ, ಬರ್ಕೊಳ್ಳಿ."

ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು, ಕಾಲು ಬದಲಿಸಿದರು, ಗಡಿಯಾರ ನೋಡಿಕೊಂಡರು. ಅವಳು ಹೇಳುವುದನ್ನು ನಿಲ್ಲಿಸಲಿಲ್ಲ.